ಸಾಲ ತೀರಿಸಲು ಹೊರಟ ದಂಪತಿಗೆ: ಕಾರ್ಡಿನ ಲೆಕ್ಕ, ಹಕ್ಕಿನ ಲೆಕ್ಕ

ಜುಮಾ ಖುತ್ಬಾಗಳಲ್ಲಿ ಬಡ್ಡಿಯ ವಿಷಯ ಬಂದಾಗ ಹೆಚ್ಚಾಗಿ ಬಡ್ಡಿ ತಿನ್ನುವವನ ಕುರಿತೇ ಎಚ್ಚರಿಸಲಾಗುತ್ತದೆ. ಕೇಳುತ್ತಾ ಕೂತವರಲ್ಲಿ ಬಡ್ಡಿಗೆ ಹಣ ಕೊಡುವವರು ಯಾರೂ ಇಲ್ಲದಿರಬಹುದು. ಆದರೆ ಬಡ್ಡಿ ಕಟ್ಟುವವರು ಇರುತ್ತಾರೆ. ಕ್ರೆಡಿಟ್ ಕಾರ್ಡ್‌ನ ಬಾಕಿ, ಪರ್ಸನಲ್ ಲೋನ್, ಮೊಬೈಲ್ ಮತ್ತು ಫ್ರಿಜ್‌ನ ಕಂತು, ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನ, ಹೀಗೆ ಒಂದಲ್ಲ ಒಂದು ಹೆಸರಿನಲ್ಲಿ ಬಡ್ಡಿ ನಮ್ಮ ಮನೆಗಳೊಳಗೆ ಬಂದು ಕೂತಿದೆ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ತಿನ್ನಿಸುವವನನ್ನೂ ಅದನ್ನು ಬರೆಯುವವನನ್ನೂ ಅದಕ್ಕೆ ಸಾಕ್ಷಿ ನಿಲ್ಲುವವರನ್ನೂ ಪ್ರವಾದಿ(ಸ)ರು ಶಪಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಇದು ಕೇವಲ ಜೇಬಿನ ಪ್ರಶ್ನೆಯಲ್ಲ.

ಬಡ್ಡಿ ಹರಾಮ್ ಎಂಬುದು ಎಲ್ಲರಿಗೂ ಗೊತ್ತು. ಈಗಾಗಲೇ ಅದರಲ್ಲಿ ಸಿಲುಕಿರುವ ಗಂಡ ಹೆಂಡತಿ ಹೊರಬರುವುದು ಹೇಗೆ? ಈ ಲೇಖನದಲ್ಲಿ ಆ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತಿದ್ದೇವೆ. ಇದರಲ್ಲಿ ಎರಡು ಲೆಕ್ಕಗಳಿವೆ. ಒಂದು ಹಣದ ಲೆಕ್ಕ, ಇನ್ನೊಂದು ಹಕ್ಕಿನ ಲೆಕ್ಕ. ಎರಡನ್ನೂ ಒಟ್ಟಿಗೆ ನೋಡಬೇಕು.

ಸಾಲ ಎಷ್ಟು ಗಂಭೀರ?

ಇಸ್ಲಾಮಿನಲ್ಲಿ ಸಾಲ ಪಡೆಯುವುದು ಪಾಪವಲ್ಲ. ಪ್ರವಾದಿ(ಸ)ರು ಇಹಲೋಕ ತ್ಯಜಿಸಿದಾಗ ಅವರ ಯುದ್ಧಕವಚವು 30 ಸಾಅ್ ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಅಡವಿತ್ತು. ಹಾಗಿದ್ದೂ ಅವರು ನಮಾಝ್‌ನ ದುಆದಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಇಷ್ಟೊಂದು ಸಲ ಯಾಕೆ ಬೇಡುತ್ತೀರಿ ಎಂದು ಕೇಳಿದಾಗ, ಸಾಲಗಾರನು ಮಾತಾಡುವಾಗ ಸುಳ್ಳು ಹೇಳುತ್ತಾನೆ, ವಾಗ್ದಾನ ಮಾಡಿ ಮುರಿಯುತ್ತಾನೆ ಎಂದು ಕಾರಣ ಕೊಟ್ಟರು. ಸಾಲದ ಮನೆಯಲ್ಲಿ ಬದುಕಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬ್ಯಾಂಕಿನ ಫೋನು ಬಂದಾಗ "ಅಪ್ಪ ಮನೆಯಲ್ಲಿಲ್ಲ ಎಂದು ಹೇಳು" ಎಂದು ಮಗುವಿಗೆ ಸುಳ್ಳು ಕಲಿಸುವುದು ಇದೇ ಸಾಲ. ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಕಾರ್ಡಿನ ಬಿಲ್ಲು ಮುಚ್ಚಿಡುವಂತೆ ಮಾಡುವುದೂ ಇದೇ ಸಾಲ.

ಮದೀನಾದ ಆರಂಭದ ದಿನಗಳಲ್ಲಿ ಸಾಲ ಬಿಟ್ಟು, ತೀರಿಸಲು ಏನೂ ಬಿಡದೆ ಸತ್ತವರ ಜನಾಝ ನಮಾಝ್‌ಅನ್ನು ಪ್ರವಾದಿ(ಸ)ರು ಸ್ವತಃ ನಿರ್ವಹಿಸುತ್ತಿರಲಿಲ್ಲ, ಸಂಗಾತಿಗಳಿಗೆ ಒಪ್ಪಿಸುತ್ತಿದ್ದರು. ಒಮ್ಮೆ ಅಬೂ ಖತಾದ(ರ)ರು ಮೃತನ ಸಾಲವನ್ನು ತಮ್ಮ ಮೇಲೆ ವಹಿಸಿಕೊಂಡ ಮೇಲೆಯೇ ಅವರು ನಮಾಝ್ ನಿರ್ವಹಿಸಿದರು. ಹುತಾತ್ಮನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಮಾತ್ರ ಉಳಿಯುತ್ತದೆ ಎಂದೂ ಹದೀಸ್‌ಗಳಲ್ಲಿದೆ. ಆಸ್ತಿ ಪಾಲಿನ ಆದೇಶ ನೀಡುವ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿ ವಸಿಯ್ಯತ್ ಮತ್ತು ಸಾಲದ ನಂತರವೇ ಪಾಲು ಎಂಬುದನ್ನು ಮತ್ತೆ ಮತ್ತೆ ನೆನಪಿಸಲಾಗಿದೆ. ಅಂದರೆ ನಾವು ತೀರಿಸದೆ ಬಿಟ್ಟದ್ದನ್ನು ನಾವು ಬಿಟ್ಟುಹೋದ ಆಸ್ತಿಯಿಂದ ತೀರಿಸಿದ ಮೇಲೆಯೇ ನಮ್ಮ ಮಕ್ಕಳಿಗೆ ಪಾಲು ಸಿಗುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ಸರಿಪಡಿಸಬೇಕು. "ಬ್ಯಾಂಕಿನ ಹಣ ತಾನೇ, ಅವರೇ ಬಡ್ಡಿಯವರು, ಕೊಡದಿದ್ದರೇನು?" ಎನ್ನುವವರಿದ್ದಾರೆ. ಅಲ್ ಬಕರ ಅಧ್ಯಾಯದ 279ನೇ ಸೂಕ್ತವು ಬಡ್ಡಿ ಬಿಟ್ಟು ಪಶ್ಚಾತ್ತಾಪ ಪಟ್ಟವರಿಗೂ ಅವರ ಮೂಲಧನ ಅವರದೇ ಎಂದು ತೀರ್ಮಾನಿಸಿದೆ. ಕೊಟ್ಟವರು ಯಾರೇ ಆಗಿರಲಿ, ನಾವು ಪಡೆದ ಅಸಲು ನಮ್ಮ ಮೇಲಿನ ಹಕ್ಕು. ಮೇಲಾಗಿ ಸಹಿ ಹಾಕಿದ ಒಪ್ಪಂದಕ್ಕೆ ಈ ದೇಶದ ಕಾನೂನಿನ ಬಲವಿದೆ. ಕಟ್ಟದೆ ತಪ್ಪಿಸಿಕೊಂಡರೆ ಬಡ್ಡಿ ಕಡಿಮೆಯಾಗುವುದಿಲ್ಲ, ಇನ್ನಷ್ಟು ಬೆಳೆಯುತ್ತದೆ. ಬೇಗ ತೀರಿಸಿ ಹೊರಬರುವುದೇ ದಾರಿ.

ಕಾರ್ಡಿನೊಳಗೆ ಏನು ನಡೆಯುತ್ತದೆ?

ಬಿಲ್ಲಿನ ಪೂರ್ತಿ ಮೊತ್ತವನ್ನು ಕೊನೆಯ ದಿನಾಂಕದೊಳಗೆ ಕಟ್ಟಿದರೆ ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿ ಬೀಳುವುದಿಲ್ಲ. ಆದರೆ ಬಿಲ್ಲಿನಲ್ಲಿ ಇನ್ನೊಂದು ಸಣ್ಣ ಮೊತ್ತವೂ ಇರುತ್ತದೆ. ಅದು "ಮಿನಿಮಮ್ ಡ್ಯೂ", ಅಂದರೆ ಕನಿಷ್ಠ ಪಾವತಿ. ಸಾಮಾನ್ಯವಾಗಿ ಅದು ಬಾಕಿಯ ಶೇ. 5ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಕಟ್ಟಿದರೆ ತಡವಾದ ದಂಡ ಬೀಳುವುದಿಲ್ಲ, ಫೋನು ಬರುವುದಿಲ್ಲ. ಆದ್ದರಿಂದ ಅನೇಕರು ಸಾಲ ಸರಿಯಾಗಿ ನಡೆಯುತ್ತಿದೆ ಎಂದೇ ಭಾವಿಸುತ್ತಾರೆ.

ವಾಸ್ತವವಾಗಿ ಪೂರ್ತಿ ಕಟ್ಟದಿದ್ದರೆ ಉಳಿದ ಬಾಕಿಗೆ ತಿಂಗಳಿಗೆ ಶೇ. 3ರಿಂದ 3.75ರಷ್ಟು ಬಡ್ಡಿ ಬೀಳುವ ಕಾರ್ಡುಗಳೇ ಹೆಚ್ಚು. ವರ್ಷಕ್ಕೆ ಅದು ಶೇ. 36ರಿಂದ 45. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳ ಸವಲತ್ತು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಬೇರೆ ಶುಲ್ಕ.

ಒಂದು ಉದಾಹರಣೆ

ಲೆಕ್ಕ ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತಾನೆ, ಸಂಬಳ 32,000 ರೂಪಾಯಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ತಿಂಗಳಿಗೆ 8,000 ಗಳಿಸುತ್ತಾಳೆ. ಇಬ್ಬರು ಮಕ್ಕಳು. ಸಾಲಗಳು ಹೀಗಿವೆ:

ಎರಡು ಕ್ರೆಡಿಟ್ ಕಾರ್ಡುಗಳ ಬಾಕಿ ಸೇರಿ 1,20,000 ರೂ., ತಿಂಗಳಿಗೆ ಶೇ. 3.5 ಬಡ್ಡಿ.
ಪರ್ಸನಲ್ ಲೋನ್ ಬಾಕಿ 1,50,000 ರೂ., ವರ್ಷಕ್ಕೆ ಶೇ. 16, ಕಂತು 6,500, ಇನ್ನೂ ಸುಮಾರು 28 ತಿಂಗಳು.
ಮೊಬೈಲ್ ಕಂತು 2,500 ರೂ., ಇನ್ನೂ 8 ತಿಂಗಳು.
ಹೆಂಡತಿಯ ಅಣ್ಣ ಕೊಟ್ಟ ಬಡ್ಡಿಯಿಲ್ಲದ ಸಾಲ 50,000 ರೂ.

ಒಟ್ಟು 3,40,000 ರೂಪಾಯಿ. ಮೊದಲು ಕಾರ್ಡನ್ನು ಮಾತ್ರ ನೋಡೋಣ. 1,20,000ಕ್ಕೆ ಒಂದು ತಿಂಗಳ ಬಡ್ಡಿ 4,200. ಅದರ ಮೇಲೆ ಜಿಎಸ್‌ಟಿ 756. ಒಟ್ಟು 4,956. ಈ ದಂಪತಿ ಕನಿಷ್ಠ ಪಾವತಿ ಎಂದು 6,000 ಕಟ್ಟಿದರೆ ಸಾಲ ಕಡಿಮೆಯಾಗುವುದು 1,044 ರೂಪಾಯಿ ಮಾತ್ರ. ಬಾಕಿ ಇಳಿದಂತೆ ಬ್ಯಾಂಕು ಕೇಳುವ ಕನಿಷ್ಠ ಮೊತ್ತವೂ ಇಳಿಯುತ್ತದೆ. ಪ್ರತಿ ತಿಂಗಳು ಬಾಕಿಯ ಶೇ. 5 ಮಾತ್ರ ಕಟ್ಟುತ್ತಾ ಹೋದರೆ ಸಾಲ ಅರ್ಧಕ್ಕೆ ಇಳಿಯಲು 5 ವರ್ಷಕ್ಕೂ ಹೆಚ್ಚು ಬೇಕು.

ಬ್ಯಾಂಕು ಎಷ್ಟೇ ಕೇಳಲಿ, ಪ್ರತಿ ತಿಂಗಳು 6,000 ಕಟ್ಟಿಯೇ ತೀರುತ್ತೇವೆ ಎಂದು ಪಟ್ಟು ಹಿಡಿದರೆ ಸುಮಾರು 43 ತಿಂಗಳಲ್ಲಿ ತೀರುತ್ತದೆ. ಒಟ್ಟು ಕಟ್ಟಿದ್ದು ಸುಮಾರು 2,59,000. ಅದೇ 8,000 ಕಟ್ಟಿದರೆ ಸುಮಾರು 24 ತಿಂಗಳು, ಒಟ್ಟು ಸುಮಾರು 1,91,000. ತಿಂಗಳಿಗೆ 2,000 ಹೆಚ್ಚು ಹಾಕಿದ್ದಕ್ಕೆ 68,000 ರೂಪಾಯಿಯ ಬಡ್ಡಿ ಮತ್ತು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಈ ಉಳಿತಾಯ ಕೇವಲ ಹಣದ್ದಲ್ಲ. ನಮ್ಮ ಕೈಯಿಂದ ಬಡ್ಡಿಯಾಗಿ ಹೋಗಬೇಕಿದ್ದ 68,000 ಹೋಗಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಮೊದಲ ಹೆಜ್ಜೆ: ಇಬ್ಬರೂ ಕೂತು ಬರೆಯುವುದು

ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ 282 ಸಾಲದ ಕುರಿತಾದುದು. ಸಾಲ ಸಣ್ಣದಿರಲಿ ದೊಡ್ಡದಿರಲಿ, ಅವಧಿಯೊಂದಿಗೆ ಬರೆದಿಡಲು ಉದಾಸೀನ ಮಾಡಬಾರದು ಎಂಬುದು ಅದರ ಬೋಧನೆ. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಿನ ಸಾಲ ಬಾಯಿಮಾತಿನಲ್ಲೇ ಇರುತ್ತದೆ, ಕೆಲವು ಗಂಡನ ಮೊಬೈಲಿನೊಳಗೇ ಇರುತ್ತವೆ.

ಒಂದು ರಾತ್ರಿ, ಇಶಾ ನಮಾಝ್ ಮುಗಿದು ಮಕ್ಕಳು ಮಲಗಿದ ಮೇಲೆ, ಇಬ್ಬರೂ ಒಂದು ನೋಟ್‌ಬುಕ್ ಹಿಡಿದು ಕೂರಬೇಕು. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕೊನೆಯ ದಿನಾಂಕ ಯಾವುದು ಎಂದು ಬರೆಯಬೇಕು. ಕಿರಾಣಿ ಅಂಗಡಿಯ ಬಾಕಿ, ಚೀಟಿ ಹಣ, ಗೆಳೆಯನಿಂದ ಪಡೆದ 2,000 ಸಹ ಬಿಡಬಾರದು. ನೆನಪಿಗೆ ಬಾರದ ಸಾಲ ಕಾಣಲು ಒಂದು ದಾರಿಯಿದೆ. ಭಾರತದ ನಾಲ್ಕು ಕ್ರೆಡಿಟ್ ಮಾಹಿತಿ ಕಂಪೆನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಮ್ಮ ಹೆಸರಿನಲ್ಲಿ ಬ್ಯಾಂಕು ಮತ್ತು ಫೈನಾನ್ಸ್ ಕಂಪೆನಿಗಳಲ್ಲಿರುವ ಸಾಲಗಳೆಲ್ಲ ಅದರಲ್ಲಿ ಸಿಗುತ್ತವೆ.

ಆ ರಾತ್ರಿ "ಇದನ್ನು ಯಾಕೆ ಕೊಂಡಿ, ಅದನ್ನು ಯಾಕೆ ಹೇಳಲಿಲ್ಲ" ಎಂಬ ವಿಚಾರಣೆ ಬೇಡ. ಒಂದೇ ರಾತ್ರಿಯಲ್ಲಿ ಪಟ್ಟಿಯೂ ಜಗಳವೂ ಎರಡೂ ಆಗುವುದಿಲ್ಲ. ಮುಚ್ಚಿಟ್ಟದ್ದನ್ನು ತೆರೆದು ಹೇಳಿದವರನ್ನು ಅವಮಾನಿಸಿದರೆ ಮುಂದಿನ ಬಿಲ್ಲು ಇನ್ನೂ ಆಳದಲ್ಲಿ ಬಚ್ಚಿಡಲ್ಪಡುತ್ತದೆ.

ಎರಡನೇ ಹೆಜ್ಜೆ: ಹೊಸ ಸಾಲದ ಬಾಗಿಲು ಮುಚ್ಚುವುದು

ಕಾರ್ಡನ್ನು ಪರ್ಸಿನಿಂದ ತೆಗೆದಿಡಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ಕಾರ್ಡ್ ಸಂಖ್ಯೆ ಅಳಿಸಬೇಕು. ಮನೆಯ ಖರ್ಚು ನಗದಿನಲ್ಲೋ ಡೆಬಿಟ್ ಕಾರ್ಡಿನಲ್ಲೋ ನಡೆಯಬೇಕು. ಈದ್ ಬಟ್ಟೆ, ಮದುವೆಯ ಉಡುಗೊರೆ, ಅತಿಥಿಗಳ ಊಟ ಇವು ಬಂದಾಗ ನಮ್ಮ ಕೈ ಮೊದಲು ಕಾರ್ಡಿಗೇ ಹೋಗುತ್ತದೆ. ಸಾಲ ತೀರುವವರೆಗೆ ಹಳೆಯ ಬಟ್ಟೆಯಲ್ಲಿ ಈದ್ ಆಚರಿಸುವುದರಲ್ಲಿ ಅವಮಾನವಿಲ್ಲ.

ಇಬಾದತ್‌ಗಳ ಹೆಸರಿನಲ್ಲಿಯೂ ಸಾಲ ಬೇಡ. ಹಜ್ಜ್ ಕಡ್ಡಾಯವಾಗುವುದು ಸಾಮರ್ಥ್ಯವಿದ್ದವರಿಗೆ. ಕಂತಿನಲ್ಲಿ ಉಮ್ರಾಕ್ಕೆ ಕರೆದೊಯ್ಯುವ ಜಾಹೀರಾತು ಕಂಡಾಗ, ಮೊದಲು ತೀರಿಸಬೇಕಾದ ಹಕ್ಕು ಮನೆಯಲ್ಲಿದೆ ಎಂಬುದನ್ನು ನೆನಪಿಸಿಕೊಳ್ಳಬೇಕು. ಕುರ್ಬಾನಿ ಶಾಫಿಈ ಮದ್‌ಹಬ್‌ನಲ್ಲಿ ಸುನ್ನತ್. ಹನಫೀ ಮದ್‌ಹಬ್‌ನಲ್ಲಿ ವಾಜಿಬ್ ಆಗಿದ್ದರೂ ಅದು ಅಗತ್ಯ ಮತ್ತು ಸಾಲ ಕಳೆದು ನಿಸಾಬ್‌ನಷ್ಟು ಸಂಪತ್ತು ಉಳ್ಳವರಿಗೆ. ಕಾರ್ಡ್ ಉಜ್ಜಿ ಕುರಿ ಕೊಳ್ಳಬೇಕೆಂದು ಯಾವ ಮದ್‌ಹಬ್ಬೂ ಹೇಳುವುದಿಲ್ಲ.

"ನೋ ಕಾಸ್ಟ್ ಇಎಂಐ" ಎಂದು ಅಂಗಡಿಯವರು ಹೇಳುವುದನ್ನೂ ಸರಿಯಾಗಿ ನೋಡಬೇಕು. ಅನೇಕ ಸಲ ಅದರಲ್ಲಿ ಬಡ್ಡಿ ಇರುತ್ತದೆ, ಅದಕ್ಕೆ ಸಮನಾದ ರಿಯಾಯಿತಿ ಕೊಟ್ಟು ಸರಿದೂಗಿಸಿರುತ್ತಾರೆ. ಪ್ರೊಸೆಸಿಂಗ್ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಮೂರನೇ ಹೆಜ್ಜೆ: ಸಾಲಗಳಿಗೆ ಸರದಿ

ನಮ್ಮ ಉದಾಹರಣೆಯ ಮನೆಯಲ್ಲಿ ಬಾಡಿಗೆ 8,000, ದಿನಸಿ ಮತ್ತು ಹಾಲು 7,000, ಶಾಲೆ 2,500, ವಿದ್ಯುತ್, ಗ್ಯಾಸ್, ಫೋನು, ಓಡಾಟ 3,500, ಔಷಧಿ ಮತ್ತು ಆಕಸ್ಮಿಕಕ್ಕೆ 1,000. ಒಟ್ಟು 22,000. ಇಬ್ಬರ ಗಳಿಕೆ 40,000ದಲ್ಲಿ ಉಳಿಯುವುದು 18,000. ಅದರಲ್ಲಿ ಲೋನ್ ಮತ್ತು ಮೊಬೈಲ್ ಕಂತಿಗೆ 9,000 ಹೋಗುತ್ತದೆ. ಉಳಿದ 9,000ವನ್ನು ಎಲ್ಲಿ ಹಾಕಬೇಕು?

ಹಣದ ಲೆಕ್ಕದಲ್ಲಿ ಉತ್ತರ ಸುಲಭ. ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು, ಅಂದರೆ ಕಾರ್ಡಿಗೆ. ಆದರೆ ಹಕ್ಕಿನ ಲೆಕ್ಕದಲ್ಲಿ ಇನ್ನೊಬ್ಬರಿದ್ದಾರೆ. ಬಡ್ಡಿ ಕೇಳದೆ ಕೊಟ್ಟ ಅಣ್ಣ. ಬಡ್ಡಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಕೊನೆಗೆ ತಳ್ಳಿ, ಎದುರು ಸಿಕ್ಕಾಗ ಮುಖ ತಪ್ಪಿಸಿ ಓಡಾಡುವುದು ನಮ್ಮಲ್ಲಿ ನಡೆಯುತ್ತಿದೆ. ಒಳ್ಳೆಯ ರೀತಿಯಲ್ಲಿ ಮರುಪಾವತಿ ಮಾಡುವವರೇ ನಿಮ್ಮಲ್ಲಿ ಉತ್ತಮರು ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಸಾಮರ್ಥ್ಯವಿದ್ದೂ ತಡಮಾಡುವುದನ್ನು ಅವರು ಅನ್ಯಾಯ ಎಂದು ಕರೆದಿದ್ದಾರೆ. ನಮಗೆ ಸಾಲ ಕೊಟ್ಟ ತಪ್ಪಿಗೆ ಒಬ್ಬನು ಇನ್ನು ಯಾರಿಗೂ ಬಡ್ಡಿರಹಿತ ಸಾಲ ಕೊಡೆನು ಎಂದು ತೀರ್ಮಾನಿಸಿದರೆ, ಮುಂದೆ ಕಷ್ಟಕ್ಕೆ ಬೀಳುವ ಇನ್ನೊಬ್ಬನ ಬಾಗಿಲನ್ನೂ ನಾವು ಮುಚ್ಚಿದಂತಾಯಿತು.

ಹಾಗಾಗಿ ದಂಪತಿ ಅಣ್ಣನ ಮನೆಗೆ ಹೋಗಿ ಪಟ್ಟಿ ತೋರಿಸಿ ಮಾತಾಡಬೇಕು. "ಅಣ್ಣಾ, ಕಾರ್ಡಿನ ಬಡ್ಡಿ ತಿಂಗಳಿಗೆ ಐದು ಸಾವಿರ ತಿನ್ನುತ್ತಿದೆ. ಅದು ಮುಗಿಯುವವರೆಗೆ ನಿಮಗೆ ತಿಂಗಳಿಗೆ ಒಂದು ಸಾವಿರ ಕೊಡುತ್ತೇವೆ. ಆಮೇಲೆ ಮೊದಲ ಸರದಿ ನಿಮ್ಮದೇ" ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದೂ ಬಿಟ್ಟುಬಿಟ್ಟರೆ ಅದು ಇನ್ನೂ ಉತ್ತಮವೆಂದೂ ಅಲ್ ಬಕರ 280ರಲ್ಲಿದೆ. ಆದರೆ ಆ ಅವಕಾಶವನ್ನು ಕೇಳಿ ಪಡೆಯಬೇಕು, ನಾವೇ ತೆಗೆದುಕೊಳ್ಳಬಾರದು.

ನಾಲ್ಕನೇ ಹೆಜ್ಜೆ: ಹೆಂಡತಿಯ ಚಿನ್ನ, ಹೆಂಡತಿಯ ಗಳಿಕೆ

ಸಾಲದ ಮಾತು ಬಂದಾಗ ಎಲ್ಲರ ಕಣ್ಣು ಹೋಗುವುದು ಮನೆಯ ಚಿನ್ನದ ಮೇಲೆ. ಇಲ್ಲಿ ಷರೀಅತ್‌ನ ನಿಯಮ ಬಹಳ ಸ್ಪಷ್ಟವಾಗಿದೆ. ಮಹ್ರ್ ಆಗಿ ಬಂದದ್ದು, ತವರಿನಿಂದ ಆಕೆಗೆ ಕೊಟ್ಟದ್ದು, ಆಕೆಯೇ ದುಡಿದು ಮಾಡಿಸಿದ್ದು ಎಲ್ಲವೂ ಆಕೆಯ ಆಸ್ತಿ. ಆಕೆಯ ಹೊಲಿಗೆಯ 8,000ವೂ ಆಕೆಯದೇ. ಮನೆಯ ಖರ್ಚು ಗಂಡನ ಹೊಣೆ. ಹೆಂಡತಿ ಮನಸ್ಸಿನಿಂದ ಬಿಟ್ಟುಕೊಟ್ಟರೆ ಮಾತ್ರ ಗಂಡನು ಅದನ್ನು ಸಂತೋಷದಿಂದ ಅನುಭವಿಸಬಹುದೆಂದು ಅನ್ನಿಸಾ ಅಧ್ಯಾಯದ 4ನೇ ಸೂಕ್ತ ಕಲಿಸುತ್ತದೆ. ಅತ್ತೆಯ ಮಾತಿಗೆ ಹೆದರಿ, ಗಂಡನ ಮೌನಕ್ಕೆ ಹೆದರಿ, ಬಳೆ ಬಿಚ್ಚಿ ಕೊಡುವುದು ಮನಸ್ಸಿನಿಂದ ಕೊಟ್ಟಂತಲ್ಲ.

ಆಕೆ ಕೊಡಲು ಮುಂದೆ ಬಂದರೆ, ಅದು ದಾನವೋ ಸಾಲವೋ ಎಂದು ಆಗಲೇ ಹೇಳಿಕೊಳ್ಳಬೇಕು. ಸಾಲವಾದರೆ ಬರೆದಿಡಬೇಕು. ಚಿನ್ನವನ್ನೇ ಸಾಲ ಕೊಟ್ಟರೆ ಅಷ್ಟೇ ತೂಕದ ಚಿನ್ನ, ಮಾರಿ ಬಂದ ಹಣವನ್ನು ಸಾಲ ಕೊಟ್ಟರೆ ಅಷ್ಟೇ ಹಣ ಹಿಂದಿರುಗಿಸುವುದು ಸಾಮಾನ್ಯ ನಿಯಮ. ಚಿನ್ನದ ಬೆಲೆ ಏರುತ್ತಿರುವ ಈ ಕಾಲದಲ್ಲಿ ಇವೆರಡರ ನಡುವಿನ ಅಂತರ ಸಣ್ಣದಲ್ಲ. ಆದ್ದರಿಂದ ಮೊದಲೇ ತೀರ್ಮಾನಿಸಬೇಕು. ಗಂಡ ಹೆಂಡತಿಯ ನಡುವೆ ಬರಹ ಯಾಕೆ ಎಂದು ಕೇಳುವವರಿದ್ದಾರೆ. ಗಂಡ ಹಠಾತ್ತನೆ ತೀರಿಕೊಂಡರೆ, ಪಾಲು ಹಂಚುವ ಮೊದಲು ಆಕೆಯ ಸಾಲ ತೀರಿಸಬೇಕೆಂದು ಹೇಳಲು ಆಕೆಯ ಕೈಯಲ್ಲಿರುವುದು ಆ ಕಾಗದ ಮಾತ್ರ.

ಇನ್ನೊಂದು ವಿಷಯ. ಚಿನ್ನವನ್ನು ಅಡವಿಟ್ಟು ಬ್ಯಾಂಕಿನಿಂದ ಹಣ ತಂದರೆ ಅದೂ ಬಡ್ಡಿಯ ಸಾಲವೇ. ಮಾರುವುದು ಮನಸ್ಸಿಗೆ ಕಷ್ಟ, ಆದರೆ ಅದರಲ್ಲಿ ಬಡ್ಡಿಯಿಲ್ಲ.

ಈಗ ನಮ್ಮ ಉದಾಹರಣೆಯ ಹೆಂಡತಿ 60,000 ರೂಪಾಯಿಯ ಚಿನ್ನ ಮಾರಿ, ಹಣವನ್ನು ಸಾಲವಾಗಿ ಕೊಡಲು ಮತ್ತು ಅದು ಕೊನೆಯ ಸರದಿಯಲ್ಲಿ ಮರಳಿ ಬಂದರೂ ಸಾಕೆಂದು ಒಪ್ಪಿದಳೆಂದು ಭಾವಿಸೋಣ. ಕಾರ್ಡಿನ ಬಾಕಿ 60,000ಕ್ಕೆ ಇಳಿಯುತ್ತದೆ. ತಿಂಗಳಿಗೆ 8,000 ಕಟ್ಟುತ್ತಾ ಹೋಗಿ, 8 ತಿಂಗಳ ಬಳಿಕ ಮೊಬೈಲ್ ಕಂತು ಮುಗಿದು ಆ 2,500ನ್ನೂ ಸೇರಿಸಿದರೆ 9ನೇ ತಿಂಗಳಲ್ಲಿ ಕಾರ್ಡ್ ಪೂರ್ತಿ ತೀರುತ್ತದೆ. 10ನೇ ತಿಂಗಳಿಂದ ಅಣ್ಣನಿಗೆ 11,500 ರೂಪಾಯಿ. 13ನೇ ತಿಂಗಳಿಗೆ ಅವರದೂ ಮುಗಿಯುತ್ತದೆ. ಆಮೇಲೆ 18,000ವೂ ಪರ್ಸನಲ್ ಲೋನಿಗೆ. 18 ಅಥವಾ 19ನೇ ತಿಂಗಳಿಗೆ ಅದೂ ತೀರಿ ಮನೆಯಲ್ಲಿ ಬಡ್ಡಿ ಎಂಬುದು ಇರುವುದಿಲ್ಲ. ನಂತರದ ನಾಲ್ಕು ತಿಂಗಳಲ್ಲಿ ಹೆಂಡತಿಯ 60,000 ಮರಳಿ ಆಕೆಯ ಕೈಗೆ. ಎರಡು ವರ್ಷದೊಳಗೆ 3,40,000ದ ಸಾಲ ಮುಗಿಯಿತು. ಸಂಬಳ ಹೆಚ್ಚಲಿಲ್ಲ, ಒಂದು ಸಾಲ ತೀರಿದಾಗ ಬಿಡುಗಡೆಯಾದ ಹಣ ಖರ್ಚಿಗೆ ಹೋಗದೆ ಮುಂದಿನ ಸಾಲಕ್ಕೆ ಹೋಯಿತು, ಅಷ್ಟೇ. ಜ್ವರ, ಶಾಲಾ ಶುಲ್ಕ, ರಿಪೇರಿ ಎಂದು ಒಂದೆರಡು ತಿಂಗಳು ಹಿಂದೆ ಮುಂದೆ ಆಗಬಹುದು. ಆಗ ಪಟ್ಟಿಯನ್ನು ತಿದ್ದಿ ಮುಂದುವರಿಯಬೇಕು.

ಲೋನನ್ನು ಅವಧಿಗೆ ಮೊದಲೇ ಮುಗಿಸುವಾಗ ಶುಲ್ಕ ಇದೆಯೇ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ. ಶುಲ್ಕಕ್ಕಿಂತ ಉಳಿಯುವ ಬಡ್ಡಿ ಹೆಚ್ಚಾಗಿದ್ದರೆ ಮುಗಿಸುವುದೇ ಲಾಭ.

ಝಕಾತ್ ಮತ್ತು ಜಮಾಅತ್‌ನ ಹೊಣೆ

ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಂದು. ಅಗತ್ಯಕ್ಕಾಗಿ ಸಾಲ ಮಾಡಿ, ಸ್ವಂತ ಸಂಪತ್ತಿನಿಂದ ತೀರಿಸಲಾಗದವರು ಝಕಾತ್ ಪಡೆಯುವುದರಲ್ಲಿ ನಾಚಿಕೆಯಿಲ್ಲ. ಅದು ಅಲ್ಲಾಹನೇ ನಿಗದಿಪಡಿಸಿದ ಪಾಲು. ಆಡಂಬರಕ್ಕಾಗಿ ಅಥವಾ ಪಾಪದ ಕೆಲಸಕ್ಕಾಗಿ ಮಾಡಿದ ಸಾಲದ ವಿಷಯದಲ್ಲಿ ಫುಕಹಾಗಳು ತೌಬಾದಂತಹ ಷರತ್ತು ಹಾಕಿದ್ದಾರೆ. ಬಡ್ಡಿಯ ಸಾಲ ಇರುವವರು ತಮ್ಮ ಪೂರ್ತಿ ಪಟ್ಟಿಯನ್ನು ಉಲಮಾಗಳಿಗೆ ತೋರಿಸಿ ಕೇಳಬೇಕು.

ಹೆಂಡತಿಗೆ ಝಕಾತ್ ಕಡ್ಡಾಯವಿದ್ದು ಗಂಡ ಸಾಲಗಾರನಾಗಿದ್ದರೆ? ಅಬ್ದುಲ್ಲಾಹಿಬ್ನು ಮಸ್ಊದ್(ರ)ರ ಪತ್ನಿ ಝೈನಬ್(ರ)ರು ತಮ್ಮ ಗಂಡನಿಗೆ ದಾನ ಕೊಡಬಹುದೇ ಎಂದು ಕೇಳಿದಾಗ, ಅದಕ್ಕೆ ಎರಡು ಪ್ರತಿಫಲವಿದೆ, ಸಂಬಂಧದ್ದು ಮತ್ತು ದಾನದ್ದು ಎಂದು ಪ್ರವಾದಿ(ಸ)ರು ತಿಳಿಸಿದರು. ಶಾಫಿಈ ಮದ್‌ಹಬ್‌ನಲ್ಲಿ ಅರ್ಹನಾದ ಗಂಡನಿಗೆ ಹೆಂಡತಿ ತನ್ನ ಝಕಾತನ್ನೂ ಕೊಡಬಹುದು. ಇಮಾಮ್ ಅಬೂ ಹನೀಫ(ರ)ರು ಈ ಹದೀಸನ್ನು ಐಚ್ಛಿಕ ದಾನಕ್ಕೆ ಸಂಬಂಧಿಸಿದ್ದೆಂದು ತಿಳಿದು ಝಕಾತ್‌ಗೆ ಒಪ್ಪಲಿಲ್ಲ. ಕರಾವಳಿಯ ಬ್ಯಾರಿ ಮತ್ತು ನವಾಯತ್ ಮನೆಗಳಲ್ಲಿ ಶಾಫಿಈ, ಒಳನಾಡಿನಲ್ಲಿ ಹೆಚ್ಚಾಗಿ ಹನಫೀ ಇರುವುದರಿಂದ ತಮ್ಮ ತಮ್ಮ ಖತೀಬರಲ್ಲಿ ವಿಚಾರಿಸಬೇಕು.

ಜಮಾಅತ್‌ಗಳಿಗೂ ಒಂದು ಮಾತು. ಮಸ್ಜಿದ್‌ನ ಮೊಹಲ್ಲಾದಲ್ಲಿ 50,000 ರೂಪಾಯಿಯ ಬಡ್ಡಿರಹಿತ ಸಾಲ ಸಿಗುವಂತಿದ್ದರೆ ಅನೇಕರು ಕಾರ್ಡಿನ ಬಾಗಿಲಿಗೆ ಹೋಗುತ್ತಿರಲಿಲ್ಲ. ಹತ್ತಿಪ್ಪತ್ತು ಮನೆಗಳು ಸೇರಿದರೂ ಒಂದು ಸಣ್ಣ ನಿಧಿ ಕಟ್ಟಬಹುದು. ಅದರ ಲೆಕ್ಕ ಬರಹದಲ್ಲಿರಬೇಕು, ಪಡೆದವರ ಹೆಸರು ಗುಟ್ಟಾಗಿರಬೇಕು.

ಫೋನಿಗೆ ಹೆದರಬೇಡಿ, ನಿಯಮ ತಿಳಿಯಿರಿ

ಸಾಲಗಾರನಿಗೂ ಮಾನವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಸಾರ್ವಜನಿಕವಾಗಿ ಅವಮಾನಿಸುವಂತಿಲ್ಲ, ನೆಂಟರಿಷ್ಟರಿಗೆ ಕಾಟ ಕೊಡುವಂತಿಲ್ಲ. ಮೊಬೈಲ್ ಲೋನ್ ಆ್ಯಪ್‌ಗಳು ನಮ್ಮ ಫೋನಿನ ಸಂಪರ್ಕ ಪಟ್ಟಿ ಮತ್ತು ಫೋಟೋಗಳನ್ನು ತೆರೆಯುವಂತಿಲ್ಲ. ನಿಯಮ ಮೀರಿದರೆ ಮೊದಲು ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಕಟ್ಟಲಾಗದ ಸ್ಥಿತಿ ಬಂದಾಗ ಫೋನ್ ಎತ್ತದಿರುವುದು ಪರಿಹಾರವಲ್ಲ. ಬ್ಯಾಂಕಿಗೆ ನಾವೇ ಹೋಗಿ, ಬಡ್ಡಿ ಮತ್ತು ದಂಡ ಬಿಟ್ಟು ಅಸಲನ್ನು ಕಂತಿನಲ್ಲಿ ಪಡೆಯಲು ಸಾಧ್ಯವೇ ಎಂದು ಕೇಳಬಹುದು. ಕೆಲವೊಮ್ಮೆ ಒಪ್ಪುತ್ತಾರೆ. "ಸೆಟಲ್‌ಮೆಂಟ್" ಎಂದು ಕಡಿಮೆ ಮೊತ್ತಕ್ಕೆ ಮುಗಿಸಿದರೆ ಕ್ರೆಡಿಟ್ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ದಾಖಲಾಗುವುದಿಲ್ಲ, ಮುಂದೆ ತೊಂದರೆಯಾಗುತ್ತದೆ. ಕೈಯಲ್ಲಿ ಹಣವಿದ್ದೂ ಅಸಲನ್ನೇ ಕಡಿತಗೊಳಿಸಲು ಚೌಕಾಸಿ ಮಾಡುವುದು ಮುಸ್ಲಿಮನಿಗೆ ತಕ್ಕುದಲ್ಲ.

ಬಾಕಿ ಪೂರ್ತಿ ತೀರಿಸಿದ ಮೇಲೆ ಕಾರ್ಡ್ ಮುಚ್ಚಲು ಕೋರಿಕೆ ಸಲ್ಲಿಸಿ. ಬ್ಯಾಂಕು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕೆಂದು ನಿಯಮವಿದೆ. ಲೋನ್ ಮುಗಿದಾಗ ಬಾಕಿಯಿಲ್ಲ ಎಂಬ ಪತ್ರ ಪಡೆದು ಜೋಪಾನವಾಗಿಡಿ.

ಝುಬೈರ್(ರ)ರ ಮನೆಯ ಮಾದರಿ

ಸಹೀಹ್ ಬುಖಾರಿಯಲ್ಲಿ ಝುಬೈರ್ ಇಬ್ನುಲ್ ಅವ್ವಾಮ್(ರ)ರ ಸಾಲದ ದೀರ್ಘ ವರದಿಯಿದೆ. ಜನರು ತಮ್ಮ ಹಣವನ್ನು ಅವರ ಬಳಿ ಅಮಾನತ್ ಇಡಲು ಬರುತ್ತಿದ್ದರು. ಕಳೆದುಹೋದೀತೆಂಬ ಭಯದಿಂದ ಅವರು ಅದನ್ನು ಅಮಾನತ್ ಆಗಿ ಅಲ್ಲ, ಸಾಲವಾಗಿ ಸ್ವೀಕರಿಸುತ್ತಿದ್ದರು. ಹೀಗೆ 22 ಲಕ್ಷದ ಸಾಲ ಬೆಳೆಯಿತು. ಜಮಲ್ ಯುದ್ಧದ ದಿನ ಅವರ ದೊಡ್ಡ ಚಿಂತೆ ಈ ಸಾಲವೇ ಆಗಿತ್ತು. ಆಸ್ತಿ ಮಾರಿ ತೀರಿಸಬೇಕೆಂದೂ ಕಷ್ಟವಾದರೆ ತನ್ನ ಒಡೆಯನಾದ ಅಲ್ಲಾಹನ ಸಹಾಯ ಬೇಡಬೇಕೆಂದೂ ಮಗ ಅಬ್ದುಲ್ಲಾ(ರ)ರಿಗೆ ವಸಿಯ್ಯತ್ ಮಾಡಿದರು. ಮಗ ಗಾಬ ಎಂಬ ಜಮೀನನ್ನು ಮಾರಿ ಸಾಲ ತೀರಿಸಿದರು. ವಾರಸುದಾರರು ಪಾಲು ಕೇಳಿದಾಗ ಕೂಡಲೇ ಕೊಡಲಿಲ್ಲ. ತಂದೆಯಿಂದ ಬರಬೇಕಾದ್ದು ಯಾರಿಗಾದರೂ ಇದ್ದರೆ ಬನ್ನಿ ಎಂದು ನಾಲ್ಕು ವರ್ಷ ಹಜ್ಜ್‌ನ ಸಮಯದಲ್ಲಿ ಸಾರಿದ ಮೇಲೆಯೇ ಆಸ್ತಿ ಹಂಚಿದರು.

ಇದರಲ್ಲಿ ನಮ್ಮ ದಂಪತಿಗಳಿಗೆ ಬೇಕಾದುದೆಲ್ಲ ಇದೆ. ಸಾಲವನ್ನು ಮನೆಯವರಿಂದ ಮುಚ್ಚಿಡಲಿಲ್ಲ. ಆಸ್ತಿಯ ಮೇಲಿನ ಮೋಹಕ್ಕಿಂತ ಪರರ ಹಕ್ಕು ದೊಡ್ಡದಾಯಿತು. ಲೆಕ್ಕವೂ ಇತ್ತು, ದುಆವೂ ಇತ್ತು.

ದುಆವನ್ನು ಕೊನೆಗೆ ಹೇಳುತ್ತಿದ್ದರೂ ಮೊದಲ ದಿನದಿಂದಲೇ ಶುರು ಮಾಡಬೇಕು. ಹರಾಮ್‌ನ ಅಗತ್ಯ ಬೀಳದಂತೆ ಹಲಾಲ್‌ನಲ್ಲೇ ಸಾಕಾಗಿಸಬೇಕೆಂದು ಬೇಡುವ ದುಆವನ್ನು ಅಲೀ(ರ)ರು ಸಾಲದ ಹೊರೆಯಲ್ಲಿದ್ದವನಿಗೆ ಕಲಿಸಿಕೊಟ್ಟದ್ದು ತಿರ್ಮಿದಿಯಲ್ಲಿದೆ. ಅದನ್ನು ನಿಮ್ಮ ಖತೀಬರಿಂದ ಕಲಿತು ಫರ್ಳ್ ನಮಾಝ್‌ಗಳ ಬಳಿಕ ಇಬ್ಬರೂ ಓದಿರಿ. ತಿಂಗಳ ಮೊದಲ ವಾರ ಸಂಬಳ ಬಂದ ದಿನವೇ ಸಾಲದ ಪಾಲನ್ನು ಕಟ್ಟಿ, ನೋಟ್‌ಬುಕ್ಕಿನಲ್ಲಿ ಇಬ್ಬರೂ ಸಹಿ ಹಾಕಿರಿ.

ಸಾಲದ ಹೊರೆಯಲ್ಲಿರುವ ಎಲ್ಲ ಕುಟುಂಬಗಳಿಗೆ ಅಲ್ಲಾಹನು ಹಲಾಲ್ ಆದ ಗಳಿಕೆಯಲ್ಲಿ ಬರ್ಕತ್ ನೀಡಲಿ, ಪರರ ಹಕ್ಕನ್ನು ತೀರಿಸಿಯೇ ಆತನ ಬಳಿ ತಲುಪುವ ತೌಫೀಕ್ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.